ನಿದ್ದೆಯಲ್ಲಿ ಮನೆಗೆ ಬಂದ ಗಾಡಿ

ಮೂರನೆಯ ದಿನ ಬೆಳಗ್ಗೆ ಹೊಂಗೆಮರದಿಂದ ಹೂಗಳು ಉದುರುತ್ತಿದ್ದವು. ತೂಬಗೆರೆ ಬಸ್ ನಿಲ್ದಾಣದಿಂದ ಸ್ವಲ್ಪ ಆಚೆ, ಆ ಮರದ ನೆರಳಿನಲ್ಲಿ, ಮುನಿಕೃಷ್ಣನ ಆಂಬುಲೆನ್ಸ್ ನಿಂತಿತ್ತು. ಅವನು ಸೀಟಿಗೆ ಒರಗಿ, ಮುಂದಿನ ಗಾಜಿನ ಮೇಲೆ ಬೀಳುವ ಹೂವನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಹೂವು ಕೆಳಕ್ಕೆ ಬೀಳುತ್ತಿದೆಯೋ, ತಾನೇ ಕೂತ ಸೀಟಿನ ಸಮೇತ ಮೆಲ್ಲಗೆ ಮೇಲಕ್ಕೆ ಏಳುತ್ತಿದ್ದೇನೋ ತಿಳಿಯದಾಯಿತು. ಯಾರೋ ಬಾಗಿಲು ತಟ್ಟಿದರು. ನೋಡಿದರೆ ಶಿಲ್ಪ, ಎರಡು ಲೋಟ ಟೀ ಹಿಡಿದು ನಿಂತಿದ್ದಳು.

ಶಿಲ್ಪ ಆ ಗಾಡಿಯ ನರ್ಸು. ದೇವನಹಳ್ಳಿ ಕಡೆಯ ಹುಡುಗಿ, ದಿನಾ ಬೆಳಗ್ಗೆ ಎಂಟಕ್ಕೆ ಸ್ಕೂಟರಿನಲ್ಲಿ ಬಂದು ರಾತ್ರಿಯ ನರ್ಸನ್ನು ಮನೆಗೆ ಕಳಿಸುತ್ತಿದ್ದಳು. ಅವಳಿಗೆ ಹನ್ನೆರಡು ಗಂಟೆಯ ಡ್ಯೂಟಿ. ಡ್ರೈವರಿಗೂ ಹನ್ನೆರಡೇ ಇರಬೇಕಾಗಿತ್ತು. ಆದರೆ ಭಾನುವಾರ ಬೆಳಗ್ಗೆ ಅವಳು ಬಂದಾಗ ಅದೇ ಸೀಟಿನಲ್ಲಿ ಇದ್ದವನು, ಸೋಮವಾರ ಬೆಳಗ್ಗೆ ಬಂದಾಗಲೂ ಅಲ್ಲೇ ಇದ್ದ. ಈಗ ಮಂಗಳವಾರ.

"ಅಣ್ಣ, ಟೀ," ಅಂದಳು.

ಅವನು ಲೋಟ ತಗೊಂಡು, ನಿನ್ನೆಯೂ ಹೀಗೇ ಕೊಟ್ಟಿದ್ದಳಲ್ಲವೇ, ಅಥವಾ ಇದು ನಿನ್ನೆಯೇ ಇರಬಹುದೇ ಎಂದು ಯೋಚಿಸಿದ.

ಜೊತೆಯ ಡ್ರೈವರ್ ಕೆಂಪರಾಜು ಶನಿವಾರ ರಾತ್ರಿಯ ಡ್ಯೂಟಿ ಮುಗಿಸಿ, ಭಾನುವಾರ ಬೆಳಗ್ಗೆ ಮನೆಗೆ ಹೋಗುವಾಗ ಬೈಕಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದ. ಖಾಲಿ ರಸ್ತೆ, ಗುಂಡಿಯಿಲ್ಲ, ಎದುರಿಗೆ ಗಾಡಿಯಿಲ್ಲ. ಹೇಗೆ ಬಿದ್ದೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆಂಬುಲೆನ್ಸ್ ನಡೆಸುವ ಸಂಸ್ಥೆಯ ಆಫೀಸು ನೆಲಮಂಗಲದಲ್ಲಿ. ಅಲ್ಲಿಂದ ಸೂಪರ್‌ವೈಸರ್ ಕಾಂತರಾಜು ಫೋನ್ ಮಾಡಿ, ಇನ್ನೊಬ್ಬ ಡ್ರೈವರು ಸಿಗುವವರೆಗೂ ಹೇಗಾದರೂ ಅಡ್ಜಸ್ಟ್ ಮಾಡಿಕೋ ಎಂದ. ಒಂದು ದಿನ ಎಂದಿದ್ದು ಎರಡಾಯಿತು. ಮುನಿಕೃಷ್ಣ ಇಲ್ಲ ಅನ್ನಲಿಲ್ಲ. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಅವನು ಇಲ್ಲ ಎಂದದ್ದೇ ಇಲ್ಲ. ಅದು ಅವನ ಹೆಮ್ಮೆಯೂ ಆಗಿತ್ತು. ಕರೆ ಬಂತೆಂದರೆ ತಟ್ಟೆಯಲ್ಲಿ ಮುದ್ದೆ ಬಿಟ್ಟು ಎದ್ದವನು, ಮಗಳ ನಾಮಕರಣದ ದಿನ ತೊಟ್ಟಿಲ ಪಕ್ಕದಿಂದ ಎದ್ದವನು.

ಅವನು ದೊಡ್ಡಬಳ್ಳಾಪುರದ ನೇಕಾರರ ಮನೆಯವನು. ಮನೆಯ ಹಿಂಭಾಗದಲ್ಲಿ ನಾಲ್ಕು ಮಗ್ಗ, ಮುಂಭಾಗದಲ್ಲಿ ಸಂಸಾರ. ತಮ್ಮ ಶಶಿಕುಮಾರ್ ಮಗ್ಗ ನೋಡಿಕೊಳ್ಳುತ್ತಿದ್ದ. ಆ ಮನೆಯ ಮಕ್ಕಳು ಮಗ್ಗದ ಸದ್ದಿನಲ್ಲೇ ಹುಟ್ಟಿ ಆ ಸದ್ದಿನಲ್ಲೇ ಮಲಗಿದವರು. ಕರೆಂಟ್ ಹೋಗಿ ಮಗ್ಗ ನಿಂತಾಗಲೇ ಅವರಿಗೆ ಎಚ್ಚರವಾಗುತ್ತಿದ್ದದ್ದು. ಮುನಿಕೃಷ್ಣ ಮಾತ್ರ ಇಪ್ಪತ್ತನೆಯ ವಯಸ್ಸಿಗೇ ಸ್ಟಿಯರಿಂಗ್ ಹಿಡಿದ. ಮೊದಲು ಸೀರೆ ಗಂಟು ಸಾಗಿಸುವ ವ್ಯಾನು, ಆಮೇಲೆ ಈ ಗಾಡಿ.

ಎರಡು ದಿನದಲ್ಲಿ ಅವನು ಮಲಗಿದ್ದು ಗಾಡಿಯ ಹಿಂದಿನ ಬೆಂಚಿನ ಮೇಲೆ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಕಣ್ಣು ಮುಚ್ಚಿ ಒಂದು ಬಾವಿಗೆ ಇಳಿದಂತಾಗುವುದು, ನೀರು ಇನ್ನೇನು ಕಾಲಿಗೆ ತಾಗಬೇಕು, ಆಗ ಫೋನು. ಹಾವು ಕಚ್ಚಿದವರು, ಹೆರಿಗೆ ನೋವಿನವರು, ಕುಡಿದು ಮೋರಿಗೆ ಬಿದ್ದವರು. ಪ್ರತಿಸಲವೂ ಬಾವಿಯಿಂದ ಹಗ್ಗ ಹಾಕಿ ಎಳೆದಂತೆ ಮೇಲೆ ಬರುತ್ತಿದ್ದ. ಸೋಮವಾರದ ಹೊತ್ತಿಗೆ ಪ್ರಪಂಚಕ್ಕೆ ತೆಳ್ಳನೆಯ ಒಂದು ಪರದೆ ಬಿದ್ದಿತ್ತು. ಜನ ಮಾತಾಡಿದ್ದು ಒಂದು ಗಳಿಗೆ ತಡವಾಗಿ ಕೇಳಿಸುತ್ತಿತ್ತು. ಹೋಟೆಲಿನಲ್ಲಿ ಟೀ ಕುಡಿದು ದುಡ್ಡು ಕೊಟ್ಟು, ಹೊರಗೆ ಬಂದು, ಟೀ ಕುಡಿಯಬೇಕು ಎಂದುಕೊಂಡು ಮತ್ತೆ ಒಳಗೆ ಹೋಗಿದ್ದ.

ಸೋಮವಾರ ಸಂಜೆ ಇನ್ನೊಂದು ನಡೆಯಿತು. ರೋಗಿಯನ್ನು ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತಿದ್ದಾಗ ನೀಲಗಿರಿ ತೋಪಿನ ಹತ್ತಿರ ರಸ್ತೆಗೆ ಅಡ್ಡವಾಗಿ ಒಂದು ಬಿಳಿ ಹಸು ನಿಂತಿತ್ತು. ಕೊರಳಲ್ಲಿ ಗಂಟೆ. ಅದು ತಲೆಯೆತ್ತಿ ಅವನನ್ನೇ ನೋಡಿತು. ಅವನು ಬ್ರೇಕನ್ನು ಬಲವಾಗಿ ತುಳಿದ. ಗಾಡಿ ಜಾರಿ ನಿಂತಿತು, ಹಿಂದೆ ಸ್ಟ್ರೆಚರು ದಡಕ್ಕನೆ ಗೋಡೆಗೆ ಹೊಡೆಯಿತು. ರಸ್ತೆ ಖಾಲಿಯಾಗಿತ್ತು. ಏನಾಯಿತು ಎಂದು ಪಕ್ಕದಲ್ಲಿದ್ದ ಶಿಲ್ಪ ಕೇಳಿದಳು. ನಾಯಿ ಎಂದ. ನಾಯಿ ಅವಳಿಗೆ ಕಾಣಲಿಲ್ಲ. ಅವಳು ಅವನ ಮುಖವನ್ನು ಒಂದು ಸಲ ನೋಡಿ, ಕಾಂತರಾಜು ಸಾರ್‌ಗೆ ಇವತ್ತೇ ಹೇಳಿಬಿಡಿ ಎಂದಳು. ಹೇಳ್ತೀನಿ ಎಂದ. ಹೇಳಲೂ ಹೇಳಿದ. ಅತ್ತ ಕಡೆಯಿಂದ ಬಂದ ಉತ್ತರ ಅದೇ: ನಾಳೆ ಒಂದು ದಿನ.

ಆ ನಾಳೆಯ ಮಧ್ಯಾಹ್ನ ಒಂದೂವರೆಗೆ ಕರೆ ಬಂತು. ಬೆಟ್ಟದ ಕಡೆಯ ಒಂದು ಹಳ್ಳಿ. ಅಮ್ಮಯಮ್ಮ ಎಂಬ ಹೆಂಗಸು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತುಬಿಟ್ಟಿದ್ದಳು. ಇವರು ಹೋದಾಗ ಅವಳನ್ನು ಮನೆಯ ಜಗಲಿಯ ಮೇಲೆ ಒರಗಿಸಿದ್ದರು. ಅರವತ್ತೈದು ದಾಟಿದ ಗಟ್ಟಿ ಹೆಂಗಸು, ಬೆರಳ ತುದಿಯೆಲ್ಲ ಸೊಪ್ಪಿನ ಹಸಿರು. ಮುಖ ಬೂದಿಯಂತಾಗಿತ್ತು, ಸೀರೆ ಬೆವರಿನಲ್ಲಿ ತೊಯ್ದಿತ್ತು. ಗಂಡ ವೆಂಕಟರಾಯಪ್ಪ ಅವಳ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದ. ಶಿಲ್ಪ ಡಾಕ್ಟರಿಗೆ ಫೋನಿನಲ್ಲಿ ಲಕ್ಷಣ ಹೇಳಿ, ಅವರು ಹೇಳಿದ ಮಾತ್ರೆ ಅಗಿಸಿ, ಮೂಗಿಗೆ ಆಕ್ಸಿಜನ್ ಹಾಕಿದಳು. ಹಾರ್ಟು, ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಬೇಗ ಹೋಗಬೇಕು ಎಂದು ಮುನಿಕೃಷ್ಣನಿಗೆ ಮೆಲ್ಲಗೆ ಹೇಳಿದಳು. ರೋಗಿಯ ಜೊತೆ ವೆಂಕಟರಾಯಪ್ಪನೂ ಶಿಲ್ಪಳೂ ಹಿಂದೆ ಹತ್ತಿದರು. ಬಾಗಿಲು ಮುಚ್ಚಿತು. ಮುಂದೆ ಮುನಿಕೃಷ್ಣ ಒಬ್ಬನೇ ಉಳಿದ.

ಮೊದಲ ಹತ್ತು ನಿಮಿಷ ಅವನು ಚೆನ್ನಾಗಿಯೇ ಓಡಿಸಿದ. ತೂಬಗೆರೆ ದಾಟಿತು. ಸೈರನ್ ಕೂಗುತ್ತಿತ್ತು, ಎದುರಿನ ಗಾಡಿಗಳು ಪಕ್ಕಕ್ಕೆ ಸರಿಯುತ್ತಿದ್ದವು. ಬಿಸಿಲು ರಸ್ತೆಯ ಮೇಲೆ ನೀರಿನ ಹಾಗೆ ನಿಂತಿತ್ತು. ಗಾಡಿ ಹತ್ತಿರ ಹೋದಷ್ಟೂ ಆ ನೀರು ಹಿಂದಕ್ಕೆ ಹಿಂದಕ್ಕೆ ಸರಿಯಿತು. ನಡುವಿನ ಬಿಳಿ ಗೆರೆಗಳು ಒಂದಾದ ಮೇಲೊಂದು ಬಂದು ಬಾನೆಟ್ಟಿನ ಕೆಳಗೆ ಹೋಗುತ್ತಿದ್ದವು. ಸೈರನ್ನಿನ ಕೂಗು ಏರಿ ಇಳಿದು, ಏರಿ ಇಳಿದು, ಬರಬರುತ್ತಾ ದೂರದ ಯಾರದೋ ಊರಿನಲ್ಲಿ ಕೇಳುವ ಸದ್ದಾಯಿತು. ದ್ರಾಕ್ಷಿ ಚಪ್ಪರದ ಕೆಳಗಿನ ನೆರಳು ತಂಪಾಗಿ ಕಂಡಿತು. ಆ ನೆರಳು ರಸ್ತೆಗೆ ಹರಿದು ಬಂದು ಗಾಡಿಯೊಳಗೂ ತುಂಬಿಕೊಂಡಿತು.

ಅಲ್ಲಿಂದ ಮುಂದಿನದು ಅವನಿಗೆ ನೆನಪಿರುವುದು ಬೇರೆಯೇ ರೀತಿ. ತಾನು ಮನೆಗೆ ಹೋಗುತ್ತಿದ್ದೇನೆ ಎಂಬುದೊಂದೇ ಅವನಿಗೆ ಗೊತ್ತು. ಡ್ಯೂಟಿ ಮುಗಿದಿದೆ. ಊರು ಬಂತು, ಪರಿಚಯದ ತಿರುವು ಬಂತು, ಕೈಗಳು ತಾವೇ ಸ್ಟಿಯರಿಂಗ್ ತಿರುಗಿಸಿದವು. ಓಣಿಯ ಎರಡೂ ಕಡೆ ಮಗ್ಗಗಳು ಬಡಿಯುತ್ತಿದ್ದವು. ಆ ಸದ್ದು ಕಿವಿಗೆ ಬಿದ್ದದ್ದೇ ಮೈಯ ಒಂದೊಂದು ಗಂಟೂ ಸಡಿಲವಾಯಿತು. ಯಾರದೋ ಮನೆಯ ಮುಂದೆ ಬಣ್ಣ ಹಾಕಿದ ನೂಲು ಒಣಗುತ್ತಿತ್ತು, ಕೆಂಪು, ಹಸಿರು, ಅರಿಸಿನ. ಅದರ ನಡುವೆ ಹಾದು ಹೋದಂತೆ, ಎಳೆಗಳು ಅವನ ಕೆನ್ನೆ ಸವರಿದಂತೆ ಅನ್ನಿಸಿತು. ತೀರಿಹೋದ ಅಪ್ಪ ಬಾಗಿಲಲ್ಲಿ ನಿಂತು, ಬಂದ್ಯಾ, ಮಲಕ್ಕೋ ಹೋಗು ಎಂದ ಹಾಗಾಯಿತು. ಅಂಥ ಸುಖವನ್ನು ಅವನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಮನೆಯ ಮುಂದೆ ಗಾಡಿ ನಿಲ್ಲಿಸಿದ. ಹ್ಯಾಂಡ್‌ಬ್ರೇಕ್ ಎಳೆದ. ಕೀ ತಿರುಗಿಸಿ ಇಂಜಿನ್ ಆರಿಸಿದ. ಚಪ್ಪಲಿ ಬಿಟ್ಟ.

ಹಿಂದಿನಿಂದ ಯಾರೋ ಬಡಿಯುತ್ತಿದ್ದರು. ಆ ಬಡಿತವೂ ಒಂದು ಮಗ್ಗ ಎಂದುಕೊಂಡ.

ಹೆಂಡತಿ ಅರುಣಾ ಸೈರನ್ನಿನ ಸದ್ದಿಗೆ ಬೆಚ್ಚಿ, ಪಾತ್ರೆ ತೊಳೆಯುತ್ತಿದ್ದ ಕೈಯಲ್ಲೇ ಹೊರಗೆ ಓಡಿ ಬಂದಳು. ಬಾಗಿಲಿಗೆ ಆಂಬುಲೆನ್ಸ್ ಬಂತೆಂದರೆ ಯಾರ ಎದೆಯಾದರೂ ಹಾರುತ್ತದೆ. ನೋಡಿದರೆ ಗಾಡಿಯ ಮೇಲೆ ದೀಪ ಸುತ್ತುತ್ತಿದೆ, ಹಿಂದಿನಿಂದ ಒಬ್ಬ ಹುಡುಗಿ ಅಣ್ಣಾ ಅಣ್ಣಾ ಎಂದು ಕೂಗುತ್ತಿದ್ದಾಳೆ, ಗಂಡ ಮಾತ್ರ ಸೀಟಿನಲ್ಲಿ ನೆಟ್ಟಗೆ ಕೂತು, ಕಣ್ಣು ಅರ್ಧ ತೆರೆದು, ತನ್ನನ್ನೇ ನೋಡಿ ನಗುತ್ತಿದ್ದಾನೆ. ಹೊಸದಾಗಿ ಮದುವೆಯಾದಾಗ ನಗುತ್ತಿದ್ದ ನಗು ಅದು. ಅವಳಿಗೆ ಅದನ್ನು ನೋಡಿಯೇ ಹೆದರಿಕೆಯಾಯಿತು.

ಅವಳು ಬಾಗಿಲು ತೆಗೆದು ಭುಜ ಹಿಡಿದು ಅಲುಗಾಡಿಸಿದಳು. "ರೀ, ಒಳಗೆ ಯಾರಿದಾರೆ? ಯಾರನ್ನ ಕರ್ಕೊಂಡ್ ಬಂದಿದೀರಾ?"

"ಯಾರೂ ಇಲ್ಲ ಕಣೆ," ಎಂದ. "ಮನೆಗೆ ಬಂದೆ."

ಹಾಗೆ ಹೇಳಿದ ಮೇಲೆ ಅವನಿಗೆ ಬೆನ್ನ ಹಿಂದಿನ ಸಣ್ಣ ಕಿಟಕಿ ಕಾಣಿಸಿತು. ಅದರಲ್ಲಿ ಶಿಲ್ಪಳ ಮುಖ, ಅದರ ಹಿಂದೆ ಆಕ್ಸಿಜನ್ ಹಾಕಿದ ಒಬ್ಬ ಮುದುಕಿ, ಅವಳ ಕೈ ಹಿಡಿದ ಮುದುಕ. ಆ ಮುದುಕ ಅವನನ್ನು ನೋಡುತ್ತಿದ್ದ. ಮುನಿಕೃಷ್ಣ ಕೀ ತಿರುಗಿಸಲು ಹೋದ. ಅರುಣಾ ಅವನಿಗಿಂತ ಮುಂಚೆ ಕೈ ಹಾಕಿ ಕೀ ಕಿತ್ತುಕೊಂಡಳು.

"ಬೇಡ. ಈಚೆ ಬನ್ನಿ ನೀವು. ಶಶಿ ಓಡಿಸ್ತಾನೆ."

ಶಶಿಕುಮಾರ್ ಮಗ್ಗ ಬಿಟ್ಟು ಬಂದ, ಮೈಮೇಲೆಲ್ಲ ನೂಲಿನ ಧೂಳು. ಅವನೂ ಸೀರೆ ವ್ಯಾನು ಓಡಿಸಿದವನೇ. ಏನು ಎತ್ತ ಎಂದು ಕೇಳದೆ ಹತ್ತಿ ಕೂತ. ಓಣಿ ಇಕ್ಕಟ್ಟು, ಗಾಡಿ ತಿರುಗಿಸಲು ಜಾಗವಿಲ್ಲ. ಅಕ್ಕಪಕ್ಕದವರು ಬೈಕು ಎತ್ತಿಟ್ಟು, ನೂಲು ಒಣಹಾಕಿದ ಬಿದಿರಿನ ಗಳ ಸರಿಸಿ, ಹಿಂದೆ ಹಿಂದೆ ಬನ್ನಿ ಎಂದು ಕೈ ತೋರಿಸಿ ದಾರಿ ಬಿಡಿಸಿದರು. ಬರಿಗಾಲಿನಲ್ಲೇ ಪಕ್ಕದ ಸೀಟಿಗೆ ಸರಿದ ಮುನಿಕೃಷ್ಣ, ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ. ಅಲ್ಲಿಂದ ಆಸ್ಪತ್ರೆ ಎರಡೇ ಕಿಲೋಮೀಟರು. ಅದು ಅವನ ಬದುಕಿನ ಅತಿ ಉದ್ದದ ದಾರಿಯಾಯಿತು.

ಅಮ್ಮಯಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಅರ್ಧ ಗಂಟೆಯ ನಂತರ ಡಾಕ್ಟರು ಹೊರಗೆ ಬಂದು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದೇವೆ, ಸದ್ಯಕ್ಕೆ ತಡೆದಿದೆ, ಇನ್ನು ಬೆಂಗಳೂರಿಗೆ ಕಳಿಸುತ್ತೇವೆ ಎಂದು ವೆಂಕಟರಾಯಪ್ಪನಿಗೆ ಹೇಳಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದೂ ಸೇರಿಸಿದರು. ಡಾಕ್ಟರುಗಳು ಎಲ್ಲರಿಗೂ ಹೇಳುವ ಮಾತು ಅದು. ಮುನಿಕೃಷ್ಣ ಎಷ್ಟೋ ಸಲ ಕೇಳಿದ್ದ, ಅದನ್ನು ತನಗೆ ಸಿಕ್ಕ ಶಹಬ್ಬಾಸ್ ಎಂದುಕೊಂಡಿದ್ದ. ಇವತ್ತು ಅವನು ಗೋಡೆ ಹಿಡಿದುಕೊಂಡ.

ಹೊರಗೆ ಮೆಟ್ಟಿಲ ಮೇಲೆ ಶಿಲ್ಪ ಟ್ರಿಪ್ ಶೀಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೊರಟ ಹೊತ್ತು, ತಲುಪಿದ ಹೊತ್ತು ಬರೆದಾಗಿತ್ತು. ನಡುವೆ ಹನ್ನೆರಡು ನಿಮಿಷ ಹೆಚ್ಚಾಗಿತ್ತು. ಅದಕ್ಕೆ ಕಾರಣ ಬರೆಯುವ ಜಾಗ ಖಾಲಿ ಇತ್ತು.

"ಅಣ್ಣ, ಎರಡು ಗಂಟೆಗೆ ಬಾಶೆಟ್ಟಿಹಳ್ಳಿ ಕಂಪನಿಗಳು ಶಿಫ್ಟ್ ಬಿಡ್ತವೆ. ಬಸ್ಸುಗಳು ಅಡ್ಡ ಬಂದ್ವು ಅಂತ ಬರೀತೀನಿ. ಯಾರೂ ಕೇಳಲ್ಲ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅವಳಿಗೆ ಅವನ ಮೇಲೆ ಕರುಣೆಯಿತ್ತು, ತನ್ನ ಮೇಲೂ ಇತ್ತು. ನಿನ್ನೆ ಇಲ್ಲದ ನಾಯಿಗೆ ಅವನು ಬ್ರೇಕ್ ತುಳಿದಾಗಲೇ ತಾನು ಫೋನ್ ಮಾಡಬೇಕಿತ್ತು ಎಂದು ಅವಳು ಆಮೇಲೆ ಹೇಳಿಕೊಂಡಳು.

ಮುನಿಕೃಷ್ಣ ಅವಳ ಪಕ್ಕದಲ್ಲಿ ಕೂತ. ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಹಿಂದೆ ಒಬ್ಬಳು ಉಸಿರಿಗೆ ಒದ್ದಾಡುತ್ತಿರುವಾಗ ಮುಂದೆ ಕೂತ ತಾನು ಸುಖವಾಗಿದ್ದೆ. ಅದನ್ನು ಯಾರಿಗೆ ಹೇಗೆ ಹೇಳುವುದು? ನಿದ್ದೆ ಹೆದರಿಸಿ ಬಂದಿದ್ದರೆ ತಡೆಯಬಹುದಿತ್ತು. ಅದು ಅಪ್ಪನ ದನಿಯಲ್ಲಿ ಬಂದಿತ್ತು. ನಾಳೆ ಮತ್ತೆ ಹಾಗೇ ಕರೆದರೆ ತಾನು ಮತ್ತೆ ಹೋಗುತ್ತೇನೆ ಎಂಬುದು ಅವನಿಗೆ ಗಟ್ಟಿಯಾಗಿ ಗೊತ್ತಾಯಿತು.

ಅಷ್ಟರಲ್ಲಿ ಫೋನು ಬಂತು. ಕಾಂತರಾಜು. ಬಾಶೆಟ್ಟಿಹಳ್ಳಿಯಲ್ಲಿ ಇಬ್ಬರು ಬೈಕಿನಿಂದ ಬಿದ್ದಿದ್ದಾರೆ, ನೀವೇ ಹತ್ತಿರ, ಬೇಗ ಹೊರಡು ಎಂದ. ಹನ್ನೊಂದು ವರ್ಷ ಕೇಳಿದ ಮಾತು. ಮುನಿಕೃಷ್ಣನ ಕಾಲುಗಳು ತಾವೇ ಎದ್ದು ನಿಂತವು. ಆಮೇಲೆ ಅವನು ಕೂತ.

"ಸಾರ್, ನಾನು ಓಡ್ಸಲ್ಲ."

"ಏನಪ್ಪಾ ಹಾಗಂದ್ರೆ? ರೋಡಲ್ಲಿ ಬಿದ್ದಿದಾರೆ ಗುರು."

"ಗೊತ್ತು ಸಾರ್. ನಾನು ಹೋದ್ರೆ ಇನ್ನೂ ನಾಲ್ಕು ಜನ ಬೀಳ್ತಾರೆ. ಬೇರೆ ಗಾಡಿ ಕಳ್ಸಿ. ನಾನು ನಿದ್ದೆ ಮಾಡ್ಕೊಂಡು ಪೇಷೆಂಟ್‌ನ ನಮ್ಮನೆಗೆ ಕರ್ಕೊಂಡ್ ಹೋಗಿದ್ದೆ."

ಕಾಂತರಾಜು, ಇದನ್ನ ಇನ್ಯಾರ ಹತ್ರಾನೂ ಹೇಳಬೇಡ ಎಂದು ಫೋನಿಟ್ಟ. ಬೇರೆ ಕಡೆಯಿಂದ ಗಾಡಿ ಬರಲು ಇಪ್ಪತ್ತೈದು ನಿಮಿಷವಾಯಿತು. ಅಷ್ಟೂ ಹೊತ್ತು ಮುನಿಕೃಷ್ಣ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕೂತಿದ್ದ. ಬಿದ್ದವರಲ್ಲಿ ಒಬ್ಬನಿಗೆ ಕಾಲು ಮುರಿದಿತ್ತು, ಗಾಡಿ ಕಾಯದೆ ಜನರೇ ಆಟೋದಲ್ಲಿ ಹಾಕಿಕೊಂಡು ಹೋದರು ಎಂದು ಆಮೇಲೆ ತಿಳಿಯಿತು. ಜೀವಕ್ಕೇನೂ ಆಗಿರಲಿಲ್ಲ. ಆಗಿದ್ದರೆ ಆ ಭಾರವನ್ನೂ ಹೊರಲೇಬೇಕಿತ್ತು ಎಂದು ಅವನಿಗೆ ಅನ್ನಿಸಿತು. ಶಿಲ್ಪಳ ಕೈಯಿಂದ ಪೆನ್ನು ತಗೊಂಡು, ಟ್ರಿಪ್ ಶೀಟಿನ ಖಾಲಿ ಜಾಗದಲ್ಲಿ ಅವನೇ ಬರೆದ: ಡ್ರೈವರ್ ನಿದ್ದೆ ಮಾಡಿದ್ದರಿಂದ ತಡ. ಕೆಳಗೆ ಸಹಿ ಹಾಕಿದ.

ಹದಿನೈದು ದಿನ ಗಾಡಿ ಮುಟ್ಟಬಾರದು ಎಂದು ಆಫೀಸಿನಿಂದ ಪತ್ರ ಬಂತು. ವಿಚಾರಣೆಗೆ ಕರೆದರು. ನೆಲಮಂಗಲದ ಹೆದ್ದಾರಿ ಪಕ್ಕ, ಒಂದು ಗೋದಾಮಿನ ಮೇಲಿನ ಮಹಡಿ. ಕಿಟಕಿಯಾಚೆ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಅವುಗಳ ಡ್ರೈವರುಗಳಲ್ಲಿ ಎಷ್ಟು ಜನ ಎಚ್ಚರವಿದ್ದಾರೋ ಎಂದು ಅವನು ಯೋಚಿಸುತ್ತ ಕೂತಿದ್ದ. ವಿಚಾರಣೆ ಮಾಡಿದವರು ಅನಿತ ಎಂಬ ಅಧಿಕಾರಿ, ಕನ್ನಡಕ ಹಾಕಿದ ನಿಧಾನದ ಹೆಂಗಸು. ಬೈಯಲಿಲ್ಲ. ಭಾನುವಾರದಿಂದ ಮಂಗಳವಾರದವರೆಗೆ ಒಟ್ಟು ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಎಂದು ಕೇಳಿದರು. ಅವನು ಬೆರಳು ಮಡಚಿ ಲೆಕ್ಕ ಹಾಕಿ ಐದು ಗಂಟೆ ಎಂದ. ಅವರು ಬರೆಯುವುದು ನಿಲ್ಲಿಸಿ ತಲೆಯೆತ್ತಿದರು. ಕುಡಿದು ಓಡಿಸಿದ್ದರೆ ನಾವು ನಿಮ್ಮನ್ನು ಅವತ್ತೇ ತೆಗೆಯುತ್ತಿದ್ದೆವು, ಇದು ಅದಕ್ಕಿಂತ ಕಡಿಮೆಯದೇನಲ್ಲ ಎಂದರು. ಆಮೇಲೆ ಅಲ್ಲೇ ಕೂತಿದ್ದ ಕಾಂತರಾಜುವಿನ ಕಡೆ ತಿರುಗಿ, ಇದನ್ನು ಮಾಡಿಸಿದವರು ಯಾರು ಎಂದು ಕೇಳಿದರು. ಕಾಂತರಾಜು ತನ್ನ ಮೇಲಿನವರ ಹೆಸರು ಹೇಳಿದ. ಅವನ ಕಣ್ಣೂ ಕೆಂಪಗಿದ್ದದ್ದನ್ನು ಮುನಿಕೃಷ್ಣ ಅವತ್ತು ಮೊದಲ ಸಲ ಗಮನಿಸಿದ. ಆರು ಗಾಡಿಗಳ ಫೋನು ಹಗಲೂ ರಾತ್ರಿ ಅವನೊಬ್ಬನ ಕಿವಿಗೇ ಬರುತ್ತಿತ್ತು.

ಪ್ರಪಂಚವೇನೂ ಬದಲಾಗಲಿಲ್ಲ. ಆದರೆ ತೂಬಗೆರೆ ಗಾಡಿಗೆ ಮುನೀಂದ್ರ ಎಂಬ ಮೂರನೆಯ ಡ್ರೈವರನ್ನು ಹಾಕಿದರು. ಹನ್ನೆರಡು ಗಂಟೆಯ ಡ್ಯೂಟಿ ಮುಗಿದ ಮೇಲೆ ಕೀ ಇಟ್ಟು ಹೋಗುವ ಹಕ್ಕು ಡ್ರೈವರಿಗಿದೆ, ಯಾರೂ ಕೇಳುವಂತಿಲ್ಲ ಎಂದು ಒಂದು ಹಾಳೆ ಬಂತು. ಶಿಲ್ಪ ಅದನ್ನು ಗಾಡಿಯೊಳಗೆ ಅಂಟಿಸಿದಳು.

ಮುನಿಕೃಷ್ಣನಿಗೆ ಈಗ ಮಲಗಲು ಹದಿನೈದು ಹಗಲು, ಹದಿನೈದು ರಾತ್ರಿ ಇದ್ದವು. ನಿದ್ದೆ ಮಾತ್ರ ಬರಲೊಲ್ಲದು. ಕಣ್ಣು ಮುಚ್ಚಿದರೆ ಸಾಕು, ಕೆಳಗೆ ಹಾಸಿಗೆ ಚಲಿಸತೊಡಗುತ್ತಿತ್ತು, ಕೈ ತಾನೇ ಸ್ಟಿಯರಿಂಗ್ ಹುಡುಕುತ್ತಿತ್ತು, ಬೆನ್ನ ಹಿಂದೆ ಯಾರೋ ಬಡಿಯುತ್ತಿದ್ದರು. ತಟಕ್ಕನೆ ಎದ್ದು ಕೂರುತ್ತಿದ್ದ. ಅರುಣಾ ಹಾಲು ಕಾಯಿಸಿ ಕೊಟ್ಟಳು, ತಲೆಗೆ ಹರಳೆಣ್ಣೆ ಹಚ್ಚಿದಳು. ಹತ್ತನೆಯ ದಿನ ಅವಳೇ, ಆ ಅಮ್ಮ ಊರಿಗೆ ವಾಪಸ್ ಬಂದಿದ್ದಾರಂತೆ, ಹೋಗಿ ನೋಡಿಕೊಂಡು ಬನ್ನಿ ಎಂದಳು. ಅದನ್ನು ಅವಳು ಶಿಲ್ಪಳಿಗೆ ಫೋನ್ ಮಾಡಿ ತಿಳಿದುಕೊಂಡಿದ್ದಳು.

ಮಧ್ಯಾಹ್ನದ ಬಸ್ಸಿನಲ್ಲಿ ಹೋದ. ಅಮ್ಮಯಮ್ಮ ಅದೇ ಜಗಲಿಯ ಮೇಲೆ ದಿಂಬಿಗೆ ಒರಗಿ ಅವರೆಕಾಳು ಆರಿಸುತ್ತಿದ್ದಳು. ಅವನು ಯಾರೆಂದು ಮೊದಲು ತಿಳಿಯಲಿಲ್ಲ. ಗಾಡಿ ಡ್ರೈವರು ಎಂದಾಗ ಎರಡೂ ಕೈಯೆತ್ತಿ ಮುಗಿಯಲು ಹೋದಳು. ಮುನಿಕೃಷ್ಣ ಆ ಕೈಗಳನ್ನು ಹಿಡಿದು ಕೆಳಗಿಳಿಸಿ, ಮುಗಿಯಬೇಡಿ ಅಮ್ಮ ಎಂದು, ನಡೆದದ್ದನ್ನೆಲ್ಲ ಹೇಳಿದ. ಏನೂ ಬಿಡಲಿಲ್ಲ. ಮನೆಯ ಮುಂದೆ ಚಪ್ಪಲಿ ಬಿಟ್ಟದ್ದನ್ನೂ ಹೇಳಿದ, ಆ ಗಳಿಗೆಯಲ್ಲಿ ಸುಖವಾಗಿದ್ದದ್ದನ್ನೂ ಹೇಳಿದ.

ಅಮ್ಮಯಮ್ಮ ಬಹಳ ಹೊತ್ತು ಕಾಳಿನಲ್ಲಿ ಬೆರಳಾಡಿಸಿದಳು. ಆಮೇಲೆ, ನಿನ್ನ ಮನೆ ಬಾಗಿಲಿಗೆ ಬಂದು ಒಂದು ಲೋಟ ನೀರೂ ಕುಡೀದೆ ಹೋದೆನಲ್ಲಪ್ಪ ಎಂದಳು. ಅವಳು ನಕ್ಕಳು, ಅವನಿಗೆ ನಗಲಾಗಲಿಲ್ಲ.

ವೆಂಕಟರಾಯಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವನು ನಗಲಿಲ್ಲ.

"ಹನ್ನೆರಡು ನಿಮಿಷ ಅಂದ್ಯಲ್ಲ," ಎಂದ. "ನಾನು ಅವಳ ಕೈ ಹಿಡ್ಕೊಂಡಿದ್ದೆ. ತಣ್ಣಗಾಗ್ತಾ ಇತ್ತು. ನಿನ್ನ ಹನ್ನೆರಡು ನಿಮಿಷ ಒಂದೊಂದೂ ನಂಗೊತ್ತು. ನಿಂಗೆ ಗೊತ್ತಿಲ್ಲ."

"ಇಲ್ಲ ಯಜಮಾನ್ರೇ. ನಂಗೆ ಗೊತ್ತಿಲ್ಲ."

ಮುದುಕ ಕ್ಷಮಿಸಿದೆ ಎಂದು ಹೇಳಲಿಲ್ಲ. ಅಂಗಳದಲ್ಲಿ ಕೋಳಿಗಳು ಮಣ್ಣು ಕೆದಕುತ್ತಿದ್ದವು. ಒಳಗೆ ಹುಳುವಿನ ಮನೆಯಿಂದ ಸಣ್ಣ ಮಳೆಯಂಥ ಸದ್ದು ಬರುತ್ತಿತ್ತು, ಸಾವಿರಾರು ರೇಷ್ಮೆಹುಳುಗಳು ಸೊಪ್ಪು ತಿನ್ನುವ ಸದ್ದು. ಮುನಿಕೃಷ್ಣ ಹೊರಡುತ್ತೇನೆ ಎಂದು ಎದ್ದ. ನಿಂತವನು ಕಂಬ ಹಿಡಿದುಕೊಳ್ಳಬೇಕಾಯಿತು. ವೆಂಕಟರಾಯಪ್ಪ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಒಳಗೆ ಹೋಗಿ ಒಂದು ಚಾಪೆ ತಂದು ಜಗಲಿಯ ಇನ್ನೊಂದು ತುದಿಗೆ ಬಿಡಿಸಿದ.

"ಬಸ್ಸು ನಾಲ್ಕಕ್ಕೆ. ಅಲ್ಲೀವರ್ಗೂ ಬಿದ್ಕೋ."

ಬೇಡ ಎನ್ನಲು ಮುನಿಕೃಷ್ಣನಿಗೆ ಶಕ್ತಿಯಿರಲಿಲ್ಲ. ಮಲಗಿದ. ಚಾಪೆಯ ಕೆಳಗೆ ಸಾರಿಸಿದ ನೆಲ ತಂಪಾಗಿತ್ತು. ಹಾಸಿಗೆ ಚಲಿಸುವುದನ್ನು ಕಾದ. ಚಲಿಸಲಿಲ್ಲ. ನೆಲ ನೆಲವಾಗಿಯೇ ಇತ್ತು. ಹುಳುಗಳ ಮಳೆ ಸುರಿಯುತ್ತಲೇ ಇತ್ತು, ಕಾಳು ಮೊರದಲ್ಲಿ ಉರುಳುತ್ತಿತ್ತು, ಯಾರೋ ದೂರದಲ್ಲಿ ಎಮ್ಮೆಯನ್ನು ಕರೆಯುತ್ತಿದ್ದರು. ಅವು ಯಾವುವೂ ಅವನನ್ನು ಕರೆಯುತ್ತಿರಲಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಅಂಗಳ ದಾಟಿ ಎದುರಿನ ಗೋಡೆ ಹತ್ತಿತ್ತು. ಮೈಮೇಲೆ ಯಾರೋ ಹಳೆಯ ಪಂಚೆ ಹೊದಿಸಿದ್ದರು. ಅಮ್ಮಯಮ್ಮ ಒಳಗೆ ಹೋಗಿದ್ದಳು. ವೆಂಕಟರಾಯಪ್ಪ ಕೈಯಲ್ಲಿ ಒಂದು ಕಡ್ಡಿ ಹಿಡಿದು, ಚಾಪೆಯ ಹತ್ತಿರ ಬರುವ ಕೋಳಿಗಳನ್ನು ಸದ್ದಿಲ್ಲದೆ ಆಚೆ ಅಟ್ಟುತ್ತ ಪಕ್ಕದಲ್ಲೇ ಕೂತಿದ್ದ.

ಮುನಿಕೃಷ್ಣ ಗಾಬರಿಯಿಂದ ಎದ್ದು ಗಂಟೆ ಕೇಳಿದ. ಆರಾಗುತ್ತಾ ಬಂತು ಎಂದ ಮುದುಕ. ನಾಲ್ಕರ ಬಸ್ಸು ಬಂದು ಹಾರನ್ ಹೊಡೆದು ಹೋಯಿತಂತೆ.

"ಎಬ್ಬಿಸಬಾರದಾಗಿತ್ತಾ ಯಜಮಾನ್ರೇ?"

ವೆಂಕಟರಾಯಪ್ಪ ಕಡ್ಡಿಯನ್ನು ಕಂಬಕ್ಕೆ ಒರಗಿಸಿದ. ಏಳಕ್ಕೆ ಇನ್ನೊಂದು ಬಸ್ಸಿದೆ, ಮುಖ ತೊಳ್ಕೊಂಡು ಬಾ, ಅವಳು ಮುದ್ದೆ ಮಾಡ್ಸಿದಾಳೆ ಎಂದು ಹೇಳಿ, ನೀರಿನ ತೊಟ್ಟಿಯ ಕಡೆ ಕೈ ತೋರಿಸಿದ.